ಉಬ್ಬರ ಇಳಿತದ ಲೆಕ್ಕದಲ್ಲಿ ಮಿಂಜೆರಿಬಾ

ಮೊದಲ ದಿನ: ಕೊಲ್ಲಿಯ ಬದಿ

ಆಸ್ಟ್ರೇಲಿಯಾದ ಬ್ರಿಸ್ಬೇನ್ ಪಕ್ಕದ ಕ್ಲೀವ್‌ಲ್ಯಾಂಡ್‌ನಿಂದ ಹೊರಟರೆ ಕಾರು ಹೊರುವ ಫೆರಿ ಮುಕ್ಕಾಲು ಗಂಟೆಯ ಆಸುಪಾಸಿನಲ್ಲಿ ಮಿಂಜೆರಿಬಾ ದ್ವೀಪದ ಡನ್‌ವಿಚ್ ಮುಟ್ಟಿಸುತ್ತದೆ. ಬರೀ ಜನರನ್ನು ಒಯ್ಯುವ ದೋಣಿಗೆ ಸುಮಾರು 25 ನಿಮಿಷ ಸಾಕು. ಸೆಪ್ಟೆಂಬರ್ ಕೊನೆಯಲ್ಲಿ ಕ್ವೀನ್ಸ್‌ಲ್ಯಾಂಡಿನ ಶಾಲೆಗಳಿಗೆ ರಜೆ, ಆಗ ಕಾರಿಗೆ ಜಾಗ ಸಿಗುವುದು ಕಷ್ಟ. ಕಾರಿಲ್ಲದೆ ಬಂದರೂ ಚಿಂತೆಯಿಲ್ಲ, ದೋಣಿಯ ವೇಳೆಗೆ ಹೊಂದಿಕೊಂಡೇ ಬಸ್ಸು ಓಡುತ್ತದೆ. ಟಿಕೆಟ್ಟಿಗಿಂತ ಮೊದಲು ನೋಡಬೇಕಾದದ್ದು ಉಬ್ಬರ ಇಳಿತದ ಪಟ್ಟಿ. ಈ ದ್ವೀಪದಲ್ಲಿ ಎಲ್ಲಿಗೆ ಯಾವಾಗ ಹೋಗಬೇಕು ಎಂಬುದನ್ನು ಗಡಿಯಾರಕ್ಕಿಂತ ಚೆನ್ನಾಗಿ ನೀರೇ ಹೇಳುತ್ತದೆ.

ನಕ್ಷೆಯಲ್ಲಿ ಇದರ ಹೆಸರು ನಾರ್ತ್ ಸ್ಟ್ರಾಡ್‌ಬ್ರೋಕ್ ದ್ವೀಪ. ಇಲ್ಲಿನ ಮೂಲನಿವಾಸಿಗಳಾದ ಕ್ವಾಂಡಮೂಕಾ ಜನಕ್ಕೆ ಮಿಂಜೆರಿಬಾ. ಉದ್ದ ಸುಮಾರು 38 ಕಿ.ಮೀ., ಅಗಲ ಹೆಚ್ಚೆಂದರೆ 11. ಪಶ್ಚಿಮಕ್ಕೆ ಮೋರ್ಟನ್ ಕೊಲ್ಲಿಯ ಆಳವಿಲ್ಲದ ನೀರು, ಪೂರ್ವಕ್ಕೆ ಪೆಸಿಫಿಕ್ ಮಹಾಸಾಗರ. ಉಬ್ಬರದ ಅಲೆ ಸಾಗರದಿಂದ ಕೊಲ್ಲಿಯೊಳಗೆ ನುಗ್ಗಿ ಬರಬೇಕಾದ್ದರಿಂದ ಕೊಲ್ಲಿಯ ಬದಿಯ ಇಳಿತ ಸಾಗರದ ಬದಿಯದಕ್ಕಿಂತ ತಡ. ಬ್ರಿಸ್ಬೇನಿನ ಪಟ್ಟಿ ಹಿಡಿದುಕೊಂಡು ಪೂರ್ವದ ಬಂಡೆಗಳ ಮೇಲೆ ಇಳಿದರೆ ನೀರು ಆಗಲೇ ಏರತೊಡಗಿರುತ್ತದೆ. ಪೂರ್ವ ತೀರದ ಪಾಯಿಂಟ್ ಲುಕ್‌ಔಟ್‌ನ ವೇಳೆಯನ್ನು ಬೇರೆಯಾಗಿಯೇ ನೋಡಬೇಕು. ಇಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಸರಿಯುತ್ತದೆ. ಹಾಗಾಗಿ ಮೊದಲ ದಿನದ ವೇಳೆ ತಿಳಿದರೆ ಉಳಿದ ದಿನಗಳದ್ದು ಬೆರಳೆಣಿಕೆಯಲ್ಲೇ ಸಿಗುತ್ತದೆ.

ಅಂದು ಕೊಲ್ಲಿಯಲ್ಲಿ ಮಧ್ಯಾಹ್ನ ಎರಡರ ಹೊತ್ತಿಗೆ ಇಳಿತ. ಹನ್ನೆರಡೂವರೆಗೆಲ್ಲ ಡನ್‌ವಿಚ್‌ನ ಉತ್ತರಕ್ಕಿರುವ ಒನ್ ಮೈಲ್ ಬಯಲಿನಲ್ಲಿ ನೀರು ಹಿಂದೆ ಸರಿದು, ಕಾಂಡ್ಲಾ ಗಿಡಗಳ ಉಸಿರುಬೇರುಗಳು ಕೆಸರಿನಿಂದ ತಲೆಯೆತ್ತಿದ್ದವು. ಇಲ್ಲಿಗೆ ಚಪ್ಪಲಿ ಬೇಡ. ಮೊದಲ ಹೆಜ್ಜೆಯಲ್ಲೇ ಕೆಸರು ಅದನ್ನು ಎಳೆದುಕೊಳ್ಳುತ್ತದೆ. ಬರಿಗಾಲೂ ಬೇಡ, ಸಿಂಪಿಯ ಚಿಪ್ಪಿನ ಅಂಚು ಬ್ಲೇಡಿನಷ್ಟು ಹರಿತ. ಲೇಸು ಬಿಗಿದ ಹಳೆಯ ಕ್ಯಾನ್ವಾಸ್ ಶೂ ಇದ್ದರೆ ಸಾಕು. ನೀರು ನಿಂತ ಕಡೆ ಕಾಲೆತ್ತಿ ಇಡದೆ ನೆಲಕ್ಕೆ ಎಳೆದುಕೊಂಡೇ ನಡೆಯಬೇಕು. ಮರಳಲ್ಲಿ ಹುದುಗಿರುವ ತೊರಕೆ ಮೀನಿಗೆ ಆ ಸದ್ದು ಮೊದಲೇ ತಿಳಿದು ಜಾಗ ಬಿಡುತ್ತದೆ. ಮೇಲೆ ಕಾಲಿಟ್ಟರೆ ಮಾತ್ರ ಬಾಲದ ಮುಳ್ಳು ಎತ್ತುತ್ತದೆ.

ಇಲ್ಲಿ ನೋಡಬೇಕಾದದ್ದು ಸೋಲ್ಜರ್ ಏಡಿ. ಇಳಿತಕ್ಕೆ ಒಂದೆರಡು ಗಂಟೆ ಮುಂಚೆ ತೇವ ಮರಳಿನ ಮೇಲ್ಮೈ ಅಲ್ಲಲ್ಲಿ ಉಬ್ಬಿ, ತಿಳಿನೀಲಿಯ ಗೋಲಿಯಂಥ ಬೆನ್ನುಗಳು ಹೊರಬರುತ್ತವೆ. ಮೊದಲು ಹತ್ತಾರು, ನೋಡನೋಡುತ್ತಿದ್ದಂತೆ ಸಾವಿರಾರು. ಉಳಿದ ಏಡಿಗಳು ಅಡ್ಡಡ್ಡ ಓಡಿದರೆ ಇವು ಮುಂದಕ್ಕೇ ನಡೆಯುತ್ತವೆ. ಎರಡೂ ಚಿಮಟಗಳಿಂದ ಮರಳನ್ನು ಬಾಯಿಗೆ ತುಂಬಿಕೊಂಡು, ಕಣಕ್ಕೆ ಅಂಟಿದ ಪಾಚಿ ಮತ್ತು ಕೊಳೆತ ಜೈವಿಕ ಕಸವನ್ನು ಬಾಯೊಳಗಿನ ನೀರಿನಲ್ಲಿ ತೊಳೆದು ಬೇರ್ಪಡಿಸಿ, ಉಳಿದ ಮರಳನ್ನು ಉಂಡೆಮಾಡಿ ಉದುರಿಸುತ್ತವೆ. ಹತ್ತಿರ ಹೋದರೆ ಒಂದು ಪಕ್ಕದ ಕಾಲುಗಳಿಂದ ತೋಡುತ್ತಾ, ತಿರುಪಿನ ಹಾಗೆ ಸುತ್ತಿ, ಕೆಲವೇ ಸೆಕೆಂಡಿನಲ್ಲಿ ಮರಳೊಳಗೆ ಮಾಯ. ಬೆನ್ನಟ್ಟಿದರೆ ಏನೂ ಕಾಣದು. ಗುಂಪು ಬರುವ ದಿಕ್ಕನ್ನು ಊಹಿಸಿ, ಹತ್ತು ಹದಿನೈದು ಮೀಟರ್ ಮುಂದೆ ಹೋಗಿ ಕುಳಿತು, ನೆರಳು ಅವುಗಳ ಮೇಲೆ ಬೀಳದಂತೆ ನೋಡಿಕೊಂಡು, ಅಲುಗಾಡದೆ ಇದ್ದರೆ ಪಡೆಗೆ ಪಡೆಯೇ ಶೂಗಳ ಪಕ್ಕದಲ್ಲಿ ಹಾದುಹೋಗುತ್ತದೆ. ಆಗ ಕೇಳುವ ಚರಚರ ಸದ್ದು ಸಾವಿರಾರು ಕಾಲುಗಳದ್ದು.

ಡನ್‌ವಿಚ್‌ನಿಂದ ಪಾಯಿಂಟ್ ಲುಕ್‌ಔಟ್‌ಗೆ ಸುಮಾರು 20 ಕಿ.ಮೀ. ಟಾರು ರಸ್ತೆ. ನಡುವೆ ಎಡಕ್ಕೆ ಕಾಪೆಂಬಾ ತೊರೆ ಸಿಗುತ್ತದೆ, ಫಲಕದಲ್ಲಿ ಮಯೋರಾ ಸ್ಪ್ರಿಂಗ್ಸ್ ಎಂದಿರುತ್ತದೆ. ರಸ್ತೆ ಬದಿಯಲ್ಲೇ ಇರುವುದರಿಂದ ಬಹಳ ಜನ ನಿಲ್ಲದೆ ಹೋಗಿಬಿಡುತ್ತಾರೆ. ಇದನ್ನು ನೋಡದೆ ಹೋದರೆ ದ್ವೀಪ ಅರ್ಥವೇ ಆಗದು. ಮರದ ಹಲಗೆಯ ಸಣ್ಣ ಹಾದಿಯ ಕೆಳಗೆ ಸ್ಫಟಿಕದಷ್ಟು ತಿಳಿಯಾದ ಸಿಹಿನೀರು, ಮಳೆಯಿಲ್ಲದ ತಿಂಗಳಲ್ಲೂ ಹರಿಯುತ್ತಲೇ ಇರುತ್ತದೆ. ಕೆಲವೇ ಹೆಜ್ಜೆ ಆಚೆ ಕಾಂಡ್ಲಾ ಕಾಡು, ಅದರಾಚೆ ಉಪ್ಪುನೀರು. ಇಲ್ಲಿ ಬಿದ್ದ ಮಳೆ ಮರಳಿನಲ್ಲಿ ಇಂಗಿ, ಸಮುದ್ರದ ಉಪ್ಪುನೀರಿಗಿಂತ ಹಗುರವಾದ್ದರಿಂದ ಅದರ ಮೇಲೆ ತೇಲುತ್ತಾ, ದ್ವೀಪದ ಹೊಟ್ಟೆಯಲ್ಲಿ ದೊಡ್ಡ ದಾಸ್ತಾನಾಗಿ ನಿಂತಿದೆ. ಅದು ತುಂಬಿ ಅಂಚಿನಲ್ಲಿ ಒಸರಿದ ಕಡೆ ಇಂಥ ತೊರೆ. ಎದುರಿನ ಮುಖ್ಯಭೂಮಿಯ ಊರುಗಳಿಗೂ ಈ ದ್ವೀಪದ ನೀರು ಕೊಳವೆಯಲ್ಲಿ ಹೋಗುತ್ತದೆ. ವಾಲೆನ್ ವಾಲೆನ್ ತೊರೆಯ ಬಳಿ ಜನ 20,000 ವರ್ಷಕ್ಕೂ ಹಿಂದೆ ನೆಲೆಸಿದ್ದ ಕುರುಹು ಸಿಕ್ಕಿರುವುದಕ್ಕೆ ಇದೇ ನೀರು ಕಾರಣವಿರಬೇಕು. ಇದೇ ದ್ವೀಪದಲ್ಲಿ 1920ರಲ್ಲಿ ಹುಟ್ಟಿದ ಕವಿ ಊಡ್ಜರೂ ನೂನಕಲ್, 1970ರ ದಶಕದಲ್ಲಿ ಊರಿಗೆ ಮರಳಿ ಇಲ್ಲೇ ಹತ್ತಿರದ ಮೂಂಗಲ್ಬಾದಲ್ಲಿ ನೆಲೆನಿಂತು, ಮಕ್ಕಳನ್ನು ಕರೆಸಿಕೊಂಡು ಈ ನೆಲ, ಈ ನೀರಿನ ಪಾಠ ಹೇಳಿದರು.

ಸಂಜೆ ಅಮಿಟಿಯಲ್ಲಿ. ಉತ್ತರ ಮೂಲೆಯ ಈ ಹಳ್ಳಿಯಲ್ಲಿ ಬೇಲಿ ಹಾಕಿದ ಈಜುಕಟ್ಟೆ, ಒಂದು ಜೆಟ್ಟಿ, ಮರಗಳ ಕೆಳಗೆ ಬಿಡಾರಗಳು. ಜೆಟ್ಟಿಯ ಮೇಲೆ ಗಾಳ ಹಾಕಿ ಕೂತಿದ್ದ ಹಿರಿಯ ಹೆಂಗಸೊಬ್ಬರು ಬಕೆಟ್ಟಿನಲ್ಲಿದ್ದ ವೈಟಿಂಗ್ ಮೀನು ತೋರಿಸಿದರು. ನಮ್ಮ ಕರಾವಳಿಯ ಕಾಣೆಯದೇ ಬಳಗ. ನೀರು ಏರುತ್ತಿರುವಾಗ, ಮರಳಲ್ಲಿ ಹುದುಗಿರುವ ಹುಳುವನ್ನು ಕೊಕ್ಕೆಗೆ ಸಿಕ್ಕಿಸಿ, ತೆಳು ದಾರದಲ್ಲಿ ದಡದ ಹತ್ತಿರವೇ ಬಿಡಬೇಕಂತೆ. ದೂರ ಎಸೆದಷ್ಟೂ ಮೀನು ಕಡಿಮೆ ಎನ್ನುವುದು ಅವರ ಅನುಭವ. ಮಾತಿನ ನಡುವೆಯೇ ಕಾಲುವೆಯಲ್ಲಿ ಡಾಲ್ಫಿನ್‌ಗಳು ಬೆನ್ನು ತೋರಿಸಿದವು. ಹಿಂದೆ ಇದೇ ತೀರದಲ್ಲಿ ಕ್ವಾಂಡಮೂಕಾ ಮೀನುಗಾರರು ಈಟಿಯಿಂದ ನೀರು ಬಡಿದರೆ ಡಾಲ್ಫಿನ್‌ಗಳು ಮುಲೆಟ್ ಮೀನಿನ ಹಿಂಡನ್ನು ಬಲೆಯತ್ತ ಅಟ್ಟಿಕೊಂಡು ಬರುತ್ತಿದ್ದವು ಎಂದು 19ನೇ ಶತಮಾನದವರು ಬರೆದಿಟ್ಟಿದ್ದಾರೆ.

ಜೆಟ್ಟಿಯ ಆ ಹಿರಿಯ ಹೆಂಗಸು ಹೇಳಿದ ಎಚ್ಚರಿಕೆ ಇನ್ನೊಂದು. ಇಲ್ಲಿನ ದಡದಲ್ಲಿ ಮರಳು ಕಡಿದಾಗಿ ನಿಂತಿರುವ ಅಂಚಿಗೆ ಹೋಗಬಾರದು. ಪಕ್ಕದಲ್ಲೇ ಆಳವಾದ ಕಾಲುವೆ ಹರಿಯುವುದರಿಂದ ನೀರಿನಡಿಯ ಮರಳಗೋಡೆ ಬುಡದಿಂದ ಜಾರತೊಡಗಿ, ಆ ಜಾರಿಕೆ ಮೆಲ್ಲಗೆ ದಡದ ಕಡೆಗೆ ಸರಿದು ಬರುತ್ತದೆ. ಮೇಲೆ ನಿಂತವರಿಗೆ ಕಾಣುವುದು ದಡ ತುಂಡುತುಂಡಾಗಿ ನೀರಿಗೆ ಕುಸಿಯುವುದು ಮಾತ್ರ. ದಡದುದ್ದಕ್ಕೂ ಸುರಿದಿರುವ ಕಲ್ಲಿನ ರಾಶಿ ಅದನ್ನು ತಡೆಯಲೆಂದೇ.

ಬಿಡಾರದ ಸುತ್ತಲ ನೀಲಗಿರಿ ಜಾತಿಯ ಮರಗಳಲ್ಲಿ ಕೋಲಾ ಇರುತ್ತವೆ. ಮೇಲೆ ನೋಡಿ ಹುಡುಕಿದರೆ ಕತ್ತು ನೋವಷ್ಟೇ. ಮೊದಲು ಮರದ ಬುಡ ನೋಡಬೇಕು: ಉದ್ದುದ್ದ ಹಿಕ್ಕೆ ಬಿದ್ದಿದ್ದು, ಮುರಿದರೆ ಒಳಗೆ ಹಸಿರು ಉಳಿದಿದ್ದು ನೀಲಗಿರಿ ವಾಸನೆ ಬಂದರೆ ಪ್ರಾಣಿ ಅದೇ ಮರದಲ್ಲೋ ಪಕ್ಕದ್ದರಲ್ಲೋ ಇದೆ. ನುಣುಪು ತೊಗಟೆಯ ಮೇಲೆ ಹೊಸ ಉಗುರುಗೀರು ಕಂಡರೆ ಇನ್ನೂ ಖಚಿತ. ಆಮೇಲೆ ಕೊಂಬೆ ಕವಲೊಡೆಯುವ ಜಾಗಗಳನ್ನಷ್ಟೇ ನೋಡುತ್ತಾ ಹೋದರೆ ಸಾಕು. ಕತ್ತಲಾದ ಮೇಲೆ ಕರ್ಲ್ಯೂ ಹಕ್ಕಿಯ ಕೂಗಿಗೆ ಬೆಚ್ಚಿಬೀಳಬೇಡಿ, ಹೆಂಗಸೊಬ್ಬಳು ಗೋಳಿಟ್ಟಷ್ಟೇ ಸ್ಪಷ್ಟ. ಗಾಳಿ ನಿಂತ ಗಳಿಗೆಯಲ್ಲಿ ಕಾಂಡ್ಲಾ ಕಡೆಯಿಂದ ಕಣ್ಣಿಗೆ ಕಾಣದಷ್ಟು ಸಣ್ಣ ನೊರಜು ಬರುತ್ತವೆ. ಕಚ್ಚಿದ್ದು ಮರುದಿನ ಗಂಟಾಗಿ ತುರಿಸುತ್ತದೆ. ಸೂರ್ಯ ಮುಳುಗುವ ಅರ್ಧ ಗಂಟೆ ಮೊದಲೇ ಉದ್ದ ತೋಳಿನ ಬಟ್ಟೆ ಹಾಕಿ, ಕಣಕಾಲಿಗೆ ಸೊಳ್ಳೆ ಮುಲಾಮು ಹಚ್ಚಿದವರು ಮಾತ್ರ ಆ ರಾತ್ರಿ ನೆಮ್ಮದಿಯಿಂದ ಮಲಗಿದ್ದು.

ಎರಡನೇ ದಿನ: ಸಾಗರದ ಬದಿ

ಪಾಯಿಂಟ್ ಲುಕ್‌ಔಟ್ ದ್ವೀಪದ ಪೂರ್ವದ ತುದಿ. ಸೆಪ್ಟೆಂಬರ್ ಕೊನೆಯಲ್ಲಿ ಸೂರ್ಯ ಐದೂವರೆಯ ಸುಮಾರಿಗೇ ಮೂಡುತ್ತಾನೆ. ಐದಕ್ಕೆಲ್ಲ ಮೇನ್ ಬೀಚ್‌ಗೆ ಇಳಿದರೆ ಬೆಳಕು, ಬೆಳಕಿನೊಂದಿಗೆ ರಾತ್ರಿ ಕಡಲು ತಂದು ಹಾಕಿದ ಸಾಮಾನು, ಎರಡೂ ಸಿಗುತ್ತವೆ. ಹಿಂದಿನ ದಿನ ಮಧ್ಯಾಹ್ನದಿಂದ ಈಶಾನ್ಯದ ಗಾಳಿ ಬೀಸಿತ್ತು. ಅಂಥ ಗಾಳಿಯ ಮರುದಿನ ಉಬ್ಬರದ ಗೆರೆಯನ್ನು ಬಗ್ಗಿ ನೋಡುತ್ತಾ ನಡೆಯುವುದೇ ಒಂದು ಕೆಲಸ.

ಕಡಲ ಮೇಲ್ಮೈಯಲ್ಲೇ ಬದುಕುವ ಜೀವಿಗಳೆಲ್ಲ ನೀಲಿ, ಮೇಲಿನಿಂದ ಹಕ್ಕಿಗೆ ಕಾಣಬಾರದೆಂದು. ಬ್ಲೂಬಾಟಲ್ ಅವುಗಳಲ್ಲಿ ಎಲ್ಲರಿಗೂ ಗೊತ್ತಿರುವುದು: ಹೆಬ್ಬೆರಳ ಗಾತ್ರದ ಗಾಳಿಚೀಲ, ಅದರಡಿ ನೀಲಿ ದಾರದಂಥ ಕುಟುಕು ಬಳ್ಳಿ. ಅದರ ಪಕ್ಕದಲ್ಲೇ ನಾಣ್ಯದಷ್ಟು ದುಂಡಗಿನ ಬ್ಲೂ ಬಟನ್ ಬಿದ್ದಿತ್ತು. ಇನ್ನೂ ಎರಡು ಹೆಜ್ಜೆ ಆಚೆ ನೇರಳೆ ಬಣ್ಣದ ತೆಳು ಚಿಪ್ಪಿನ ಬಸವನಹುಳು. ಈ ಹುಳಕ್ಕೆ ಈಜು ಬರದು. ಲೋಳೆಯಿಂದ ಗುಳ್ಳೆಗಳನ್ನು ಊದಿ ಜೋಡಿಸಿ ತೆಪ್ಪ ಕಟ್ಟಿಕೊಂಡು, ಅದಕ್ಕೆ ತಲೆಕೆಳಗಾಗಿ ಜೋತುಬಿದ್ದು ತೇಲುತ್ತದೆ, ತೇಲುತ್ತಾ ಸಿಕ್ಕಿದ ಬ್ಲೂಬಾಟಲ್ಲನ್ನು ತಿನ್ನುತ್ತದೆ. ಚಿಪ್ಪಿನ ತಳ ಗಾಢ ನೇರಳೆ, ತುದಿ ತಿಳಿ. ನೀರಿನಲ್ಲಿ ತಳವೇ ಮೇಲಿರುವುದರಿಂದ ಗಾಢ ಬಣ್ಣ ಆಕಾಶದ ಕಡೆಗೆ. ಗುಳ್ಳೆಗಳ ತೆಪ್ಪ ಇನ್ನೂ ಅಂಟಿಕೊಂಡಿದ್ದ ಒಂದು ಚಿಪ್ಪು ಸಿಕ್ಕಿತು. ಬೆರಳಿಂದ ಮುಟ್ಟಿದರೆ ಒಣಗಿದ ಲೋಳೆ ಕಾಗದದಂತೆ ಗಟ್ಟಿಯಾಗಿತ್ತು. ಇಂಥದ್ದನ್ನು ಕೈಗೆತ್ತಿಕೊಳ್ಳುವ ಮುನ್ನ ಬ್ಲೂಬಾಟಲ್‌ನ ದಾರ ಸುತ್ತಿಕೊಂಡಿದೆಯೇ ಎಂದು ಕಡ್ಡಿಯಿಂದ ಹೊರಳಿಸಿ ನೋಡಬೇಕು. ಸತ್ತು ಒಣಗಿದ ದಾರವೂ ಕುಟುಕುತ್ತದೆ.

ತೀರದಲ್ಲಿ ಅಲ್ಲಲ್ಲಿ ಕಂಡ ಕಪ್ಪು ಪಟ್ಟೆಯನ್ನು ಎಣ್ಣೆಯ ಕೊಳೆ ಎಂದುಕೊಳ್ಳುವವರಿದ್ದಾರೆ. ಅದು ಭಾರದ ಖನಿಜ: ಇಲ್ಮನೈಟ್, ರೂಟೈಲ್, ಜಿರ್ಕಾನ್. ಹಿಂದೆ ಸರಿಯುವ ಅಲೆ ಹಗುರವಾದ ಬಿಳಿ ಸ್ಫಟಿಕದ ಮರಳನ್ನು ಎಳೆದೊಯ್ದು ಭಾರದ್ದನ್ನು ಬಿಟ್ಟುಹೋಗುತ್ತದೆ. ಈ ಕಪ್ಪು ಪುಡಿಗಾಗಿ 1949ರಿಂದ ದ್ವೀಪದಲ್ಲಿ ಮರಳುಗಣಿ ನಡೆಯಿತು, 2019ರ ಕೊನೆಗೆ ನಿಂತಿತು. ಅದಕ್ಕೂ ಮುಂಚೆ, 2011ರ ಜುಲೈ 4ರಂದು, ಈ ನೆಲದ ಮೇಲೆ ಕ್ವಾಂಡಮೂಕಾ ಜನರ ಹಕ್ಕನ್ನು ಆಸ್ಟ್ರೇಲಿಯಾದ ಫೆಡರಲ್ ನ್ಯಾಯಾಲಯ ಎತ್ತಿಹಿಡಿದಿತ್ತು.

ಮರಳದಿಬ್ಬದ ಮೇಲೆ ಕರಾವಳಿ ಕನ್ನಡಿಗರಿಗೆ ಪರಿಚಯದ ಮುಖಗಳೇ. ಅಡುಂಬು ಬಳ್ಳಿ ಅದೇ, ಗಾಳಿಮರ ಅದೇ, ರಾವಣನ ಮೀಸೆಯ ದಾಯಾದಿ ಹುಲ್ಲು, ಬಂಡೆಯಂಚಿಗೆ ಕೇದಗೆಯ ಬಂಧುಗಳು. ತಲೆಯ ಮೇಲೆ ಸುತ್ತುವ ಗರುಡವೂ ಅದೇ ಜಾತಿ. ದಿಬ್ಬಕ್ಕೆ ಹಾದಿ ಬಿಟ್ಟು ಬೇರೆ ಕಡೆಯಿಂದ ಹತ್ತಬಾರದು. ಹುಲ್ಲಿನ ಬೇರು ಕಿತ್ತುಹೋದ ಜಾಗದಲ್ಲಿ ಗಾಳಿ ಗುಂಡಿ ತೋಡುತ್ತದೆ, ಗುಂಡಿ ಅಗಲವಾಗಿ ದಿಬ್ಬವೇ ಒಳನಾಡಿನ ಕಡೆ ಸರಿಯುತ್ತದೆ.

ಮೇನ್ ಬೀಚ್‌ನಲ್ಲಿ ಈಜು ಬೇಡ. ಸೆಳೆತ ಬಲವಾಗಿದೆ. ಬೆಳಗಿನ ತಿಂಡಿ ಮುಗಿಸಿ ನಾರ್ತ್ ಗಾರ್ಜ್ ಸುತ್ತಿಗೆ ಹೊರಡುವುದು ಸರಿಯಾದ ಕ್ರಮ. 1.2 ಕಿ.ಮೀ. ಹಲಗೆಹಾದಿ, ಸುಮ್ಮನೆ ನಡೆದರೆ ಅರ್ಧ ಗಂಟೆ. ಅರ್ಧ ಗಂಟೆಯಲ್ಲಿ ಮುಗಿಸಿದವರು ಏನೂ ನೋಡಿಲ್ಲ ಎಂದೇ ಅರ್ಥ. ಜ್ವಾಲಾಮುಖಿ ಮೂಲದ ಈ ಬಂಡೆಗಳೇ ದ್ವೀಪದ ಗೂಟ. ದಕ್ಷಿಣದ ನದಿಗಳು ಕಡಲಿಗೆ ತಂದು ಸುರಿದ ಮರಳು, ಅಲೆಗಳ ಓರೆ ಹೊಡೆತಕ್ಕೆ ತೀರದುದ್ದಕ್ಕೂ ಉತ್ತರಕ್ಕೆ ಸರಿಯುತ್ತಾ ಬಂದು, ಇಂಥ ಬಂಡೆಗೆ ತಡೆದು ನಿಂತು, ಲಕ್ಷಾಂತರ ವರ್ಷ ಗಾಳಿಗೆ ರಾಶಿಯಾಗಿ ದ್ವೀಪವಾಯಿತು. ಅಂದು ಸಾಗರದ ಬದಿಯಲ್ಲಿ ಏಳರ ಹೊತ್ತಿಗೆ ಉಬ್ಬರ. ಗಾರ್ಜ್‌ಗೆ ಉಬ್ಬರವೇ ಚೆಂದ. ಕಿರಿದಾದ ಸೀಳಿನೊಳಗೆ ಅಲೆ ನುಗ್ಗಿ, ತುದಿಯಲ್ಲಿ ಗಾಳಿಯನ್ನು ಹಿಂಡಿದಾಗ ಹಲಗೆ ಕಾಲಡಿಯಲ್ಲಿ ಅದುರುತ್ತದೆ.

ಸೀಳಿನ ಬಾಯಲ್ಲಿ ಕಡಲಾಮೆ ನೋಡಲು ಪೋಲರೈಸ್ಡ್ ಕನ್ನಡಕ ಬೇಕು. ಅದಿಲ್ಲದೆ ನೀರಿನ ಹೊಳಪಷ್ಟೇ ಕಾಣುತ್ತದೆ. ನೊರೆ ಚದುರಿ ನೀರು ತಿಳಿಯಾಗುವ ಗಳಿಗೆಗೆ ಕಾದು, ಒಂದೇ ಜಾಗವನ್ನು ದಿಟ್ಟಿಸುತ್ತಿರಬೇಕು. ಉಸಿರಿಗೆ ಬಂದ ಆಮೆ ಒಂದೆರಡು ಸೆಕೆಂಡು ತಲೆಯೆತ್ತಿ ಮುಳುಗುತ್ತದೆ. ದೇಹಕ್ಕೆ ಹೋಲಿಸಿದರೆ ತಲೆ ದೊಡ್ಡದಿದ್ದು ಬೆನ್ನು ಕೆಂಗಂದಾಗಿದ್ದರೆ ಲಾಗರ್‌ಹೆಡ್, ತಲೆ ಚಿಕ್ಕದಾಗಿ ದುಂಡಗಿದ್ದರೆ ಹಸಿರು ಕಡಲಾಮೆ.

ಆದರೆ ಈ ಕಾಲದಲ್ಲಿ ಇಲ್ಲಿಗೆ ಜನ ಬರುವುದು ಹಂಪ್‌ಬ್ಯಾಕ್ ತಿಮಿಂಗಿಲಕ್ಕೆ. ಜೂನ್ ಜುಲೈನಲ್ಲಿ ಅಂಟಾರ್ಕ್ಟಿಕ್‌ನಿಂದ ಉತ್ತರಕ್ಕೆ ಹೋದವು ಆಗಸ್ಟ್‌ನಿಂದ ನವೆಂಬರ್‌ವರೆಗೆ ಮರಿಗಳೊಂದಿಗೆ ದಕ್ಷಿಣಕ್ಕೆ ಮರಳುತ್ತವೆ. ಭೂಮಿ ಇಲ್ಲಿ ಪೂರ್ವಕ್ಕೆ ಚಾಚಿರುವುದರಿಂದ ದಡಕ್ಕೆ ಹತ್ತಿರವೇ ಹಾದುಹೋಗುತ್ತವೆ. ದುರ್ಬೀನು 8x42 ಸಾಕು. ಬಂಡೆಯಂಚಿನ ಗಾಳಿಗೆ 10 ಪಟ್ಟಿನದ್ದು ನಡುಗುತ್ತದೆ. ದುರ್ಬೀನಿನಿಂದ ಹುಡುಕಬಾರದು. ಬರಿಗಣ್ಣಿನಲ್ಲಿ ಅಂಚಿನಿಂದ ಅಂಚಿಗೆ ನಿಧಾನವಾಗಿ ನೋಡುತ್ತಾ, ಹೊಗೆಯ ಹಾಗೆ ಮೇಲೆದ್ದು ಗಾಳಿಗೆ ವಾಲುವ ಉಸಿರಿನ ಕಾರಂಜಿ ಕಂಡ ಮೇಲಷ್ಟೇ ದುರ್ಬೀನು ಎತ್ತಬೇಕು. ಅಲೆಯ ನೊರೆ ಒಡೆದು ಅಲ್ಲೇ ಹರಡಿ ಸಾಯುತ್ತದೆ, ಕಾರಂಜಿ ಮೂರು ಮೀಟರಿನಷ್ಟು ಎತ್ತರಕ್ಕೆ ನಿಂತು ಕರಗುತ್ತದೆ. ವ್ಯತ್ಯಾಸ ಒಮ್ಮೆ ಕಣ್ಣಿಗೆ ಕೂತರೆ ಮತ್ತೆ ತಪ್ಪುವುದಿಲ್ಲ. ಕೆಲವು ಉಸಿರಿನ ನಂತರ ಬೆನ್ನು ಹೆಚ್ಚು ಬಾಗಿ ಬಾಲ ಮೇಲೆದ್ದರೆ ಆಳಕ್ಕೆ ಹೋಯಿತು ಎಂದು ತಿಳಿಯಬೇಕು, ಮತ್ತೆ ಕಾಣಲು ಐದು ಹತ್ತು ನಿಮಿಷವಾದರೂ ಬೇಕು. ಮರಿ ಜೊತೆಗಿದ್ದರೆ ಇಷ್ಟು ಹೊತ್ತು ಕಾಯಿಸುವುದಿಲ್ಲ. ಮರಿಗೆ ಬೇಗಬೇಗ ಉಸಿರು ಬೇಕು, ತಾಯಿ ಅದರ ಪಕ್ಕದಲ್ಲೇ ಇರುತ್ತಾಳೆ. ತಿಮಿಂಗಿಲ ಮುಳುಗಿದ ಜಾಗದಲ್ಲಿ ಬಾಲದ ಹೊಡೆತಕ್ಕೆ ನೀರು ಮೇಲೆದ್ದು ನುಣುಪಾದ ವೃತ್ತ ಉಳಿಯುತ್ತದೆ. ಆ ವೃತ್ತಗಳು ಸಾಲುಗಟ್ಟಿದ ದಿಕ್ಕಿನಲ್ಲಿ ಮುಂದಕ್ಕೆ ನೋಡಿದರೆ ಅದು ಏಳುವ ಜಾಗ ಹೆಚ್ಚುಕಡಿಮೆ ಸಿಕ್ಕಂತೆ.

ಬೆಂಚಿನ ಮೇಲೆ ದುರ್ಬೀನು ಹಿಡಿದು ಕೂತಿದ್ದ ಊರಿನವರೊಬ್ಬರು ಬೆಳಗಿನ ಬೆಳಕಿನ ಬಗ್ಗೆ ದೂರಿದರು. ಸೂರ್ಯ ಎದುರಿಗಿರುವಾಗ ಕಡಲು ಕನ್ನಡಿ. ಮಧ್ಯಾಹ್ನದ ನಂತರ ಬೆಳಕು ಬೆನ್ನ ಹಿಂದೆ ಬರುತ್ತದೆ, ಆದರೆ ಆ ಹೊತ್ತಿಗೆ ಈಶಾನ್ಯದ ಗಾಳಿ ಎದ್ದು ಕಡಲೆಲ್ಲ ಬಿಳಿನೊರೆ. ಅವರ ಲೆಕ್ಕದಲ್ಲಿ ಒಂಬತ್ತರಿಂದ ಹನ್ನೊಂದು ಒಳ್ಳೆಯ ಹೊತ್ತು. ಅಂದು ಅದೇ ನಿಜವಾಯಿತು. ಹತ್ತರ ಸುಮಾರಿಗೆ ಮರಿಯೊಂದು ನೀರಿನಿಂದ ಮೈಯೆಲ್ಲ ಹೊರಹಾಕಿ ಪಕ್ಕಕ್ಕೆ ಬಿದ್ದಿತು, ಮತ್ತೆ ಹಾರಿತು, ಮತ್ತೆ ಮತ್ತೆ. ತಾಯಿಯ ಬೆನ್ನು ಮಾತ್ರ ನಿಧಾನಕ್ಕೆ ದಕ್ಷಿಣಕ್ಕೆ ಸಾಗುತ್ತಿತ್ತು. ಇಲ್ಲಿಂದ ಉತ್ತರಕ್ಕೆ ಕಾಣುವ ಮೋರ್ಟನ್ ದ್ವೀಪದ ಟ್ಯಾಂಗಲೂಮಾದಲ್ಲಿ 1952ರಿಂದ 1962ರವರೆಗೆ ತಿಮಿಂಗಿಲ ಕಡಿಯುವ ಕೇಂದ್ರವಿತ್ತು. ಆರು ಸಾವಿರಕ್ಕೂ ಹೆಚ್ಚು ಹಂಪ್‌ಬ್ಯಾಕ್‌ಗಳು ಅಲ್ಲಿ ಸತ್ತವು. ಮುಚ್ಚಿದ್ದು ಹಿಡಿಯಲು ಪ್ರಾಣಿಯೇ ಉಳಿಯದಿದ್ದಾಗ. ಕೆಲವೇ ನೂರಕ್ಕೆ ಇಳಿದಿದ್ದ ಪೂರ್ವ ತೀರದ ಸಂಖ್ಯೆ ಇಂದು ಹತ್ತಾರು ಸಾವಿರ. 2022ರಲ್ಲಿ ಆಸ್ಟ್ರೇಲಿಯಾ ಹಂಪ್‌ಬ್ಯಾಕನ್ನು ಅಪಾಯದಲ್ಲಿರುವ ಜೀವಿಗಳ ಪಟ್ಟಿಯಿಂದ ತೆಗೆಯಿತು.

ಇಳಿತ ಒಂದರ ಸುಮಾರಿಗೆ, ಹಾಗಾಗಿ ಹನ್ನೆರಡಕ್ಕೆ ಸಿಲಿಂಡರ್ ಮತ್ತು ಡೆಡ್‌ಮ್ಯಾನ್ಸ್ ತೀರಗಳ ನಡುವಿನ ಬಂಡೆಗಳಿಗೆ. ಇಳಿತಕ್ಕೆ ಒಂದು ಗಂಟೆ ಮೊದಲು ಇಳಿದು, ನೀರು ತಿರುಗಿದೊಡನೆ ವಾಪಸು ಹೊರಡುವುದು ನಿಯಮ. ಇಳಿಯುವ ಮುನ್ನ ಹತ್ತು ನಿಮಿಷ ಸುಮ್ಮನೆ ನಿಂತು ಅಲೆ ಎಲ್ಲಿಯವರೆಗೆ ಬರುತ್ತದೆ ಎಂದು ನೋಡಬೇಕು. ದೊಡ್ಡ ಅಲೆಗಳು ಗುಂಪಾಗಿ, ನಡುವೆ ದೀರ್ಘ ಬಿಡುವು ಕೊಟ್ಟು ಬರುತ್ತವೆ. ಬಿಡುವಿನಲ್ಲಿ ಇಳಿದವರೇ ಕೊಚ್ಚಿಹೋಗುವುದು. ಒದ್ದೆಯಾಗಿ ಕಪ್ಪಾದ ಬಂಡೆ ಎಂದರೆ ಅಲೆ ಅಲ್ಲಿಯವರೆಗೆ ಬಂದಿದೆ ಎಂದೇ ಅರ್ಥ. ಕಾಲಿಡಬೇಕಾದದ್ದು ಒಣಗಿದ ತಿಳಿಬಣ್ಣದ ಕಲ್ಲಿನ ಮೇಲೆ. ಹಸಿರುಗಪ್ಪು ಪಾಚಿ ಸೋಪಿಗಿಂತ ಜಾರು. ಕಡಲಿಗೆ ಬೆನ್ನು ಹಾಕಿ ಕೂರಲೇಬಾರದು.

ಬಂಡೆಗಳ ನಡುವೆ ನೀರು ನಿಂತ ಕೊಳದೊಳಗೆ ಮೊದಲ ನೋಟಕ್ಕೆ ಏನೂ ಇರುವುದಿಲ್ಲ. ಐದು ನಿಮಿಷ ಕಾದರೆ ಸನ್ಯಾಸಿ ಏಡಿ ನಡೆಯತೊಡಗುತ್ತದೆ, ಸಣ್ಣ ಮೀನು ಬಿರುಕಿನಿಂದ ಇಣುಕುತ್ತದೆ, ಬಂಡೆಗೆ ಅಂಟಿ ಬದುಕುವ ಬಾರ್ನಕಲ್‌ಗಳು ರೆಪ್ಪೆ ಬಿಚ್ಚಿದಂತೆ ತೆರೆದು ಗರಿಗಾಲುಗಳಿಂದ ನೀರು ಬಾಚುತ್ತವೆ. ಕಲ್ಲು ಹೊರಳಿಸಿದರೆ ಅದೇ ಮಗ್ಗುಲಿಗೆ ಮತ್ತೆ ಇಡಬೇಕು. ಅಡಿಯಲ್ಲಿ ಅಂಟಿದ ಮೊಟ್ಟೆಗಳಿಗೆ ಬಿಸಿಲು ತಾಗಿದರೆ ಉಳಿಗಾಲವಿಲ್ಲ. ಕೈ ಹಾಕುವುದು ಮಾತ್ರ ಬೇಡ. ನೀಲಿ ಉಂಗುರದ ಆಕ್ಟೋಪಸ್ ಸುಮ್ಮನಿರುವಾಗ ಕಂದು ಬಣ್ಣದ ಮುದ್ದೆ, ಕೆರಳಿದಾಗಷ್ಟೇ ಉಂಗುರ ಹೊಳೆಯುತ್ತದೆ. ಕಚ್ಚಿದ್ದು ನೋಯದೆಯೂ ಇರಬಹುದು, ಆದರೆ ಉಸಿರಾಟದ ಸ್ನಾಯು ಸೋಲುತ್ತದೆ, ಪ್ರತಿವಿಷವಿಲ್ಲ. ಆಂಬುಲೆನ್ಸ್ ಬರುವವರೆಗೆ ಬಾಯಿಗೆ ಬಾಯಿಟ್ಟು ಉಸಿರು ಕೊಡುತ್ತಿರುವುದೊಂದೇ ದಾರಿ. ಶಂಕುವಿನಾಕಾರದ ಚೆಲುವಾದ ಚಿಪ್ಪನ್ನೂ ಎತ್ತಬಾರದು. ಒಳಗೆ ಜೀವವಿದ್ದರೆ ವಿಷದ ಬಾಣ ಬಿಡುತ್ತದೆ.

ಊಟಕ್ಕೆ ಸಿಲಿಂಡರ್ ತೀರದ ಹಿಂದಿನ ಹುಲ್ಲುಹಾಸು. ಅಂಗಡಿಯ ಮೀನು ಮತ್ತು ಆಲೂ ಕರಿದದ್ದು ಬಿಸಿಯಾಗಿ ಚೆನ್ನಾಗಿತ್ತು. ಸಸ್ಯಾಹಾರಿಗಳು ಬ್ರೆಡ್ಡು, ಹಣ್ಣು, ಗಿಣ್ಣು ತಂದುಕೊಂಡರೆ ಮೇಲು. ಪೊಟ್ಟಣ ಬಿಚ್ಚಿದ ಕ್ಷಣವೇ ಬೇಲಿಯ ಮೇಲಿದ್ದ ಕೂಕಬುರ್ರಾ ಸದ್ದಿಲ್ಲದೆ ಹಾರಿಬಂದು ಗೆಳೆಯರ ಕೈಯಿಂದಲೇ ಮೀನಿನ ತುಂಡು ಕಿತ್ತುಕೊಂಡು, ಕೊಂಬೆಗೆ ಬಡಿದು ಬಡಿದು ನುಂಗಿತು. ಹಾವು, ಹಲ್ಲಿಗಳನ್ನು ಅದು ಸಾಯಿಸುವುದೂ ಹೀಗೆಯೇ, ಕರಿದ ಮೀನಿಗೂ ಅಭ್ಯಾಸ ಬಿಡದು. ಬೆನ್ನ ಹಿಂದೆ ಗೋಡೆಯೋ ಪೊದೆಯೋ ಇರುವಂತೆ ಕೂತರೆ ಈ ಹಕ್ಕಿಯ ದಾರಿ ತಪ್ಪುತ್ತದೆ.

ಈಜು ಸಿಲಿಂಡರ್‌ನಲ್ಲಿ, ಕೆಂಪು ಹಳದಿ ಬಾವುಟಗಳ ನಡುವೆ. ಅಲೆ ಒಡೆಯದೆ ಸಮತಟ್ಟಾಗಿ, ಬಣ್ಣ ಗಾಢವಾಗಿ ಕಾಣುವ ಓಣಿಯನ್ನು ಕಾವಲಿನ ಹುಡುಗಿ ಬೆರಳಿಟ್ಟು ತೋರಿಸಿದಳು. ನೋಡಲು ಅದೇ ಶಾಂತ ಜಾಗ, ದಡಕ್ಕೆ ಬಂದ ನೀರೆಲ್ಲ ಹಿಂತಿರುಗುವ ಸೆಳೆತವೂ ಅದೇ. ಸಿಕ್ಕಿಬಿದ್ದರೆ ದಡದ ಕಡೆಗೆ ಈಜಿ ದಣಿಯಬಾರದು. ಬೆನ್ನ ಮೇಲೆ ತೇಲುತ್ತಾ ಕೈಯೆತ್ತಿ ತೋರಿಸಿದರೆ ಅವರು ಬರುತ್ತಾರೆ. ಆಗಲೇ ಪುಟ್ಟ ಬಾಲಕನೊಬ್ಬ ಅಳುತ್ತಾ ಬಂದ, ಮೊಣಕಾಲಿನ ಸುತ್ತ ಕೆಂಪು ಮಣಿಸಾಲಿನ ಬರೆ. ಬ್ಲೂಬಾಟಲ್. ಅವಳು ಉಜ್ಜಲು ಬಿಡದೆ, ಉಳಿದ ದಾರವನ್ನು ತೆಗೆದು, ಕಡಲ ನೀರಿನಲ್ಲೇ ತೊಳೆದು, ತಡೆದುಕೊಳ್ಳುವಷ್ಟು ಬಿಸಿನೀರಿನಲ್ಲಿ, ಅಂದರೆ 45 ಡಿಗ್ರಿ ಮೀರದಂತೆ, 20 ನಿಮಿಷ ಕಾಲಿಡಿಸಿದಳು. ಬಿಸಿನೀರಿಲ್ಲದ ಕಡೆ ಮಂಜುಗಡ್ಡೆಯ ಪೊಟ್ಟಣ. ಬ್ಲೂಬಾಟಲ್‌ಗೆ ವಿನೆಗರ್ ಹಾಕಬಾರದು. ಇಪ್ಪತ್ತು ನಿಮಿಷದ ಹೊತ್ತಿಗೆ ಹುಡುಗ ಮರಳಿನಲ್ಲಿ ಕೋಟೆ ಕಟ್ಟುತ್ತಿದ್ದ.

ನಾಲ್ಕರ ಹೊತ್ತಿಗೆ ಹತ್ತು ನಿಮಿಷದ ಜೋರು ಮಳೆ, ಮತ್ತೆ ಬಿಸಿಲು. ಮಳೆ ನಿಂತ ಮೇಲೆ ಗಾರ್ಜ್ ಬಳಿಯ ಹುಲ್ಲಿಗೆ ಕಾಂಗರೂಗಳು ಬಂದವು. ತಿನಿಸು ಕೊಡಬಾರದು. ಬ್ರೆಡ್ಡು ತಿಂದವಕ್ಕೆ ದವಡೆಯ ರೋಗ ಬರುತ್ತದೆ, ಜನರ ಮೇಲೆ ಎರಗುವುದನ್ನೂ ಕಲಿಯುತ್ತವೆ.

ಮೂರನೇ ದಿನ: ಒಳನಾಡಿನ ಕೆರೆಗಳು

ಡನ್‌ವಿಚ್‌ನಿಂದ ಪೂರ್ವಕ್ಕೆ ತಿರುಗುವ ಟಾರು ರಸ್ತೆಯಲ್ಲಿ ಮೊದಲು ಬಮ್ಮಿಯಲ್, ಅಂದರೆ ಬ್ರೌನ್ ಲೇಕ್. ನೀರು ಚಹಾ ಬಣ್ಣ. ದಡದ ಮೆಲಲೂಕಾ ಮರಗಳ ಎಲೆ ತೊಗಟೆಯ ಒಗರು ಇಳಿದು ಹೀಗಾಗಿದೆ, ಕೊಳೆಯಲ್ಲ. ಬೊಗಸೆಯಲ್ಲಿ ತುಂಬಿಕೊಂಡರೆ ತಿಳಿ, ಮೊಣಕಾಲುದ್ದಕ್ಕೆ ಇಳಿದರೆ ಪಾದ ಕೆಂಪಾಗಿ ಕಾಣುತ್ತದೆ. ಕೊಳೆತ ಎಲೆಯ ರಸ ಮರಳಿಗಿಳಿದು ಕಣಗಳನ್ನು ಗಾರೆಯಂತೆ ಬೆಸೆದು ಗಟ್ಟಿ ಪದರವಾಗಿದೆ. ಇಲ್ಲಿನವರು ಅದನ್ನು ಕಾಫಿ ರಾಕ್ ಎನ್ನುತ್ತಾರೆ. ಕೆಳಗಿನ ಅಂತರ್ಜಲಕ್ಕಿಂತ ಎಷ್ಟೋ ಮೇಲೆ, ಈ ಬಟ್ಟಲಿನಲ್ಲಿ ಮಳೆನೀರು ಇಂಗದೆ ನಿಂತಿದೆ. ಹಾಗಾಗಿ ಮಳೆ ಕಡಿಮೆಯಾದ ವರ್ಷ ದಡ ಹಿಂದಕ್ಕೆ ಸರಿಯುತ್ತದೆ.

ಮುಂದಿನದ್ದು ಕಾರ್ಬೂರಾ, ಬ್ಲೂ ಲೇಕ್. ವಾಹನ ನಿಲ್ಲಿಸಿದ ಜಾಗದಿಂದ ಹೋಗಿಬರಲು 5.2 ಕಿ.ಮೀ., ಬಹುಪಾಲು ಮರಳಹಾದಿ, ನೆರಳು ಬಿಟ್ಟುಬಿಟ್ಟು. ಒಬ್ಬರಿಗೆ ಒಂದೂವರೆ ಲೀಟರ್ ನೀರು ಇರಲಿ, ದಾರಿಯಲ್ಲಿ ನಲ್ಲಿಯಿಲ್ಲ. ಸೆಪ್ಟೆಂಬರ್ ಇಲ್ಲಿ ಹೂಗಾಲ: ವಾಲಮ್ ಎನ್ನುವ ಕರಾವಳಿಯ ಕುರುಚಲು ಪೊದೆಗಳಲ್ಲಿ ಬೊರೋನಿಯಾದ ಗುಲಾಬಿ, ವೆಡ್ಡಿಂಗ್ ಬುಷ್‌ನ ಬಿಳಿ ನಕ್ಷತ್ರಗಳು. ಪೊದೆಯೊಳಗೆ ಸದ್ದಾದರೆ ನಿಂತು ನೋಡಿ. ಈ ದ್ವೀಪದಲ್ಲಿ ಸ್ವಾಂಪ್ ವಾಲಬಿ ಹೊಂಬಣ್ಣದ್ದು, ಮುಖ್ಯಭೂಮಿಯಲ್ಲಿರುವಂತೆ ಕಪ್ಪುಗಂದು ಅಲ್ಲ. ಹಾದಿ ಬಿಟ್ಟು ಪೊದೆಗೆ ನುಗ್ಗಿದರೆ ರಕ್ತ ಹೀರುವ ಉಣ್ಣೆ ಹುಳ ಹತ್ತುತ್ತದೆ, ವಾಪಸಾದ ಮೇಲೆ ಕಿವಿಯ ಹಿಂದೆ, ಕಂಕುಳು, ಮಂಡಿಯ ಸಂದು ನೋಡಿಕೊಳ್ಳಬೇಕು.

ಕಾರ್ಬೂರಾ ಬಟ್ಟಲಲ್ಲ, ಕಿಟಕಿ. ದಿಬ್ಬಗಳ ನಡುವಿನ ತಗ್ಗು ಅಂತರ್ಜಲದ ಮಟ್ಟಕ್ಕಿಂತ ಕೆಳಗಿಳಿದಿರುವುದರಿಂದ ದ್ವೀಪದ ಹೊಟ್ಟೆಯ ನೀರೇ ಇಲ್ಲಿ ಬಯಲಿಗೆ ಬಂದಿದೆ. ಒಂದು ಕಡೆ ಮರಳಿನಿಂದ ಒಸರಿ, ಇನ್ನೊಂದು ಕಡೆ ಹರಿದುಹೋಗುವುದರಿಂದ ಅದು ಹಳಸುವುದಿಲ್ಲ, ಮಟ್ಟವೂ ಹೆಚ್ಚು ಬದಲಾಗುವುದಿಲ್ಲ. ತಳದ ಕೆಸರನ್ನು ಪರೀಕ್ಷಿಸಿದ ಅಡಿಲೇಡ್ ವಿಶ್ವವಿದ್ಯಾಲಯದ ಸಂಶೋಧಕರು ಸುಮಾರು 7,500 ವರ್ಷಗಳಿಂದ ಈ ಕೆರೆ ಹೆಚ್ಚುಕಡಿಮೆ ಹೀಗೆಯೇ ಇದೆ ಎಂದು 2013ರಲ್ಲಿ ವರದಿ ಮಾಡಿದರು. ಕ್ವಾಂಡಮೂಕಾ ಜನಕ್ಕೆ ಇದು ಪವಿತ್ರ ಜಾಗ, ಇಲ್ಲಿ ನೀರಿಗಿಳಿಯದೆ ದಡದಲ್ಲೇ ಕೂತು ಬರುವುದು ಮರ್ಯಾದೆ. ಸನ್‌ಸ್ಕ್ರೀನ್ ಮೆತ್ತಿದ ಮೈ ಇಂಥ ನೀರಿಗೆ ಒಳ್ಳೆಯದೂ ಅಲ್ಲ. ಈಜಲೇಬೇಕೆಂದರೆ ಕಡಲಿದೆ.

ಮಧ್ಯಾಹ್ನ ಮೂರೂವರೆಯ ಸುಮಾರಿಗೆ ಕೊಲ್ಲಿಯಲ್ಲಿ ಮತ್ತೆ ಇಳಿತ. ನೀರು ಇಳಿಯುತ್ತಿರುವಾಗ ಹೊರಡುವ ಫೆರಿಯಲ್ಲಿ ಮೇಲಿನ ಡೆಕ್ಕಿನ ಅಂಚಿನ ಜಾಗ ಹಿಡಿಯುವುದು ಒಳ್ಳೆಯದು. ಮೋರ್ಟನ್ ಕೊಲ್ಲಿಯ ಕಡಲಹುಲ್ಲಿನ ಮೇಲೆ ನೂರಾರು ಡ್ಯುಗಾಂಗ್‌ಗಳು, ಅಂದರೆ ಕಡಲಹಸುಗಳು, ಮೇಯುತ್ತವೆ. ಅವು ಬೆನ್ನು ತೋರಿಸಿದರೂ ಡಾಲ್ಫಿನ್ನಿನ ಹಾಗೆ ಬೆನ್ನಿನ ಈಜುರೆಕ್ಕೆ ಇರುವುದಿಲ್ಲ, ಅಷ್ಟು ನೆನಪಿದ್ದರೆ ಗುರುತು ಹಿಡಿಯಬಹುದು. ಕಾರು ತಂದವರು ಹೊರಡುವ ವೇಳೆಗೆ ಅರ್ಧ ಗಂಟೆ ಮೊದಲೇ ಸಾಲಿನಲ್ಲಿರಬೇಕು. ರಜೆಯ ಕೊನೆಯ ಭಾನುವಾರ ಆ ಸಾಲು ಡನ್‌ವಿಚ್‌ನ ರಸ್ತೆಯವರೆಗೂ ಬೆಳೆಯುತ್ತದೆ.